ಬ್ಯಾಂಕಿಗೆ ಬೈಗುಳ, ಕಳ್ಳನಿಗೆ ಕ್ಷಮೆ

ನಮ್ಮ ಬ್ಯಾಂಕಿನವರು ಫೋನ್ ಮಾಡಿದಾಗಲೆಲ್ಲ ನಾನು ಅವರಿಗೆ ಬೈದು ಫೋನ್ ಇಟ್ಟುಬಿಡುತ್ತಿದ್ದೆ. ಅದು ನಮ್ಮ ಬ್ಯಾಂಕೇ ಎಂದು ನನಗೆ ಗೊತ್ತಿರಲಿಲ್ಲ ಎಂಬುದು ನಿಜ. ಗೊತ್ತುಮಾಡಿಕೊಳ್ಳುವ ಯಾವ ಪ್ರಯತ್ನವನ್ನೂ ಮಾಡಲಿಲ್ಲ ಎಂಬುದೂ ಅಷ್ಟೇ ನಿಜ.

ಇದು ಅರ್ಥವಾಗಬೇಕಾದರೆ ನನ್ನ ಉದ್ಯೋಗದ ಬಗ್ಗೆ ಸ್ವಲ್ಪ ಹೇಳಬೇಕು. ಧಾರವಾಡದಿಂದ ಮುಂಬಯಿಗೆ ಬಂದವನು ನಿವೃತ್ತನಾಗುವ ತನಕ ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ದುಡಿದೆ. ಅಲ್ಲಿ ನೀರಿನ ಪೈಪುಗಳಿಗೆ ಹಾಕುವ ವಾಲ್ವು ಮಾಡುತ್ತಿದ್ದರು. ಮಾಡಿದ್ದರಲ್ಲಿ ಕೆಟ್ಟದ್ದನ್ನು ಹುಡುಕಿ ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ಎಲ್ಲರಿಗೂ ಸರಿಯಾಗಿ ಕಾಣುವ ವಾಲ್ವಿನಲ್ಲಿ ಕೂದಲೆಳೆಯಂಥ ಬಿರುಕು ನನಗೆ ಕಾಣುತ್ತಿತ್ತು. ಮಾಲೀಕರು ಗಿರಾಕಿಗಳೆದುರು ನನ್ನನ್ನು ತೋರಿಸಿ, ಇವರ ಕಣ್ಣು ತಪ್ಪಿಸಿ ಏನೂ ಹೊರಗೆ ಹೋಗುವುದಿಲ್ಲ ಎನ್ನುತ್ತಿದ್ದರು. ಆ ಮಾತನ್ನು ನಾನು ಸ್ವಲ್ಪ ಹೆಚ್ಚಾಗಿಯೇ ನಂಬಿಕೊಂಡಿದ್ದೆ. ಇಡೀ ಆಯುಷ್ಯ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವನಿಗೆ ನಿವೃತ್ತಿಯ ನಂತರ ಮನೆಯಲ್ಲಿ ಸಾಕಷ್ಟು ತಪ್ಪುಗಳು ಸಿಗಲಿಲ್ಲ. ಸಿಕ್ಕವನ್ನು ಬಾಯಿಬಿಟ್ಟು ಹೇಳಲು ಹೆಂಡತಿ ಬಿಡಲಿಲ್ಲ.

ಹಾಗಾಗಿ ಬ್ಯಾಂಕಿಗೆ ಹೋಗುತ್ತಿದ್ದೆ. ಸಯನ್‌ನಲ್ಲಿ ನಮ್ಮ ಬಿಲ್ಡಿಂಗಿನಿಂದ ಆಚೆ ರಸ್ತೆಗೆ ಹೋದರೆ ನಮ್ಮ ಶಾಖೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೊರಟರೆ ಹೆಂಡತಿ ಆಫೀಸಿಗೆ ಹೊರಟಿರೇನು ಎಂದು ಕೇಳುತ್ತಿದ್ದಳು. ಹಿಂದೆ ಅಲ್ಲಿ ಹಿತ್ತಾಳೆಯ ಟೋಕನ್ ಕೊಡುತ್ತಿದ್ದರು, ಹೆಸರು ಹಿಡಿದು ಕರೆಯುತ್ತಿದ್ದರು, ಒಬ್ಬ ಮ್ಯಾನೇಜರು ಒಮ್ಮೆ ಚಹಾ ಕೂಡ ತರಿಸಿದ್ದರು. ಈಗ ಬಾಗಿಲ ಪಕ್ಕದಲ್ಲೇ ಒಂದು ಯಂತ್ರ ಪಾಸ್‌ಬುಕ್ ನುಂಗಿ, ಗರಗರ ಎಂದು ಮುದ್ರಿಸಿ ಉಗುಳುತ್ತದೆ. ಒಳಗೆ ಹೋಗಲು ಕಾರಣವೇ ಇರಲಿಲ್ಲ. ಆದರೂ ಹೋಗಿ ಎಸಿಯಲ್ಲಿ ಕೂರುತ್ತಿದ್ದೆ. ಪೆನ್ನು ಇಲ್ಲದವರಿಗೆ ಪೆನ್ನು ಕೊಡುತ್ತಿದ್ದೆ, ಚೆಕ್ಕನ್ನು ತಪ್ಪು ಡಬ್ಬಿಗೆ ಹಾಕುವವರನ್ನು ತಡೆಯುತ್ತಿದ್ದೆ. ಅಲ್ಲಿಯ ಸಿಬ್ಬಂದಿ ನನ್ನನ್ನು ಗೌರವಿಸುತ್ತಾರೆ ಎಂದುಕೊಂಡಿದ್ದೆ. ಸೆಕ್ಯುರಿಟಿಯವನು ನನ್ನನ್ನು ಬ್ಯಾಂಕಿನ ನಿವೃತ್ತ ನೌಕರ ಎಂದು ತಿಳಿದಿದ್ದನೆಂದು ಬಹಳ ದಿನಗಳ ಮೇಲೆ ಗೊತ್ತಾಯಿತು.

ಇಂಥ ದಿನಗಳಲ್ಲೇ ನಮ್ಮ ಬಡಾವಣೆಯ ಸಭಾಂಗಣದಲ್ಲಿ ಆನ್‌ಲೈನ್ ವಂಚನೆಯ ಬಗ್ಗೆ ಒಂದು ಉಪನ್ಯಾಸ ಏರ್ಪಾಡಾಯಿತು. ಕಳ್ಳರು ಬ್ಯಾಂಕಿನವರಂತೆ ಫೋನ್ ಮಾಡಿ ಗುಟ್ಟಿನ ನಂಬರು ಕೇಳುತ್ತಾರೆ, ಯಾರಿಗೂ ಹೇಳಬೇಡಿ, ಲಿಂಕ್ ಕಳಿಸಿದರೆ ಒತ್ತಬೇಡಿ ಎಂದು ಉಪನ್ಯಾಸಕರು ಹೇಳಿದರು. ಮೊದಲ ಸಾಲಿನಲ್ಲಿ ಕೂತಿದ್ದ ನನಗೆ ಹೋದ ಉದ್ಯೋಗ ಮರಳಿ ಸಿಕ್ಕಂತಾಯಿತು. ಮನೆಗೆ ಬಂದವನೇ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಎಚ್ಚರಿಕೆಯ ಸಂದೇಶಗಳನ್ನು ಹಾಕತೊಡಗಿದೆ. ಲಿಫ್ಟಿನಲ್ಲಿ ಸಿಕ್ಕವರಿಗೆ ಹೇಳಿದೆ, ಹಾಲು ತರುವವನಿಗೆ ಹೇಳಿದೆ. ಸ್ವಲ್ಪ ದಿನಗಳಲ್ಲಿ ಲಿಫ್ಟು ಖಾಲಿ ಬರತೊಡಗಿತು. ಜನರಿಗೆ ಆರೋಗ್ಯದ ಕಾಳಜಿ ಬಂದು ಮೆಟ್ಟಿಲು ಹತ್ತುತ್ತಿದ್ದಾರೆ ಎಂದುಕೊಂಡೆ. ನಾನು ಲಿಫ್ಟಿನಲ್ಲಿದ್ದರೆ ಮಾತ್ರ ಮೆಟ್ಟಿಲು ಹತ್ತುತ್ತಾರೆ ಎಂದು ಹೆಂಡತಿ ತಿದ್ದಿದಳು.

ಆಗ ಬಂತು ಆ ಫೋನು. ಒಬ್ಬ ಹುಡುಗಿಯ ದನಿ, ಹಿಂದಿಯಲ್ಲಿ. ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ, ನಿಮ್ಮ ಕೆವೈಸಿ ಬಾಕಿ ಇದೆ, ಆಧಾರ್ ಕಾರ್ಡು ತೆಗೆದುಕೊಂಡು ಒಮ್ಮೆ ಶಾಖೆಗೆ ಬರಬೇಕು ಎನ್ನುವಷ್ಟರಲ್ಲಿ ನನಗೆ ಬಿರುಕು ಕಂಡುಬಿಟ್ಟಿತು. ನಾಚಿಕೆಯಾಗುವುದಿಲ್ಲವೇ, ತಂದೆ ತಾಯಿ ಇದನ್ನೇ ಕಲಿಸಿದ್ದಾರೆಯೇ, ಎಷ್ಟು ಮುದುಕರನ್ನು ಇಲ್ಲಿಯವರೆಗೆ ಮುಳುಗಿಸಿದ್ದೀ ಎಂದು ನನ್ನ ಧಾರವಾಡದ ಹಿಂದಿಯಲ್ಲಿ ಒಂದೇ ಉಸಿರಿಗೆ ಕೇಳಿದೆ. ಆಕೆ, ಸರ್, ಸುನಿಯೇ ತೋ, ಎಂದಳು. ನಾನು ಕೇಳಲಿಲ್ಲ.

ಹೆಂಡತಿ ಕಾಯಿಪಲ್ಲೆ ಹೆಚ್ಚುತ್ತ ಎಲ್ಲವನ್ನೂ ಆಲಿಸಿದ್ದಳು. ಅವಳು ವಿಜಯಪುರದವಳು. ಕಡಿಮೆ ಮಾತಾಡುತ್ತಾಳೆ, ಆಡಿದ್ದನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ.

"ಕಳ್ಳರು ಯಾರರ ಬ್ಯಾಂಕಿಗೆ ಬರ್ರಿ ಅಂತ ಕರೀತಾರೇನ್ರಿ?" ಎಂದಳು.

ಅದಕ್ಕೂ ನನ್ನ ಬಳಿ ಉತ್ತರವಿತ್ತು. ಅವರು ಬ್ಯಾಂಕಿಗೆ ಬರಹೇಳಿ ದಾರಿಯಲ್ಲಿ ಹಿಡಿಯುತ್ತಾರೆ ಎಂದೆ. ಅವಳು ಬೆಂಡೆಕಾಯಿಯ ಕಡೆ ತಿರುಗಿದಳು.

ಆ ಹುಡುಗಿ ಮತ್ತೂ ಫೋನ್ ಮಾಡಿದಳು. ಪ್ರತಿ ಸಲ ನನ್ನ ಬೈಗುಳ ಬೆಳೆಯುತ್ತ ಹೋಯಿತು. ಕೊನೆಗೆ ಒಂದು ದಿನ ದನಿಯನ್ನು ದಪ್ಪ ಮಾಡಿ, ನಾನು ಸೈಬರ್ ಸೆಲ್ಲಿನ ಇನ್‌ಸ್ಪೆಕ್ಟರ್, ನೀನು ಎಲ್ಲಿಂದ ಮಾತಾಡುತ್ತಿದ್ದೀ ಎಂಬುದು ನನ್ನೆದುರಿನ ಪರದೆಯಲ್ಲಿ ಕಾಣುತ್ತಿದೆ, ಜೀಪು ಹೊರಟಿದೆ ಎಂದೆ. ನನ್ನೆದುರು ಆಗ ಇದ್ದದ್ದು ಅವಲಕ್ಕಿಯ ತಟ್ಟೆ. ಆ ಕಡೆ ಯಾರೋ ಕಿಸಕ್ಕೆಂದು ನಕ್ಕಂತಾಯಿತು, ಒಬ್ಬರಲ್ಲ, ಹಲವರು. ಇಡೀ ಗ್ಯಾಂಗೇ ಒಂದು ಕಡೆ ಕೂತಿದೆ ಎಂದು ಹೆಂಡತಿಗೆ ಹೇಳಿದೆ. ಅಂದಿನಿಂದ ಫೋನು ನಿಂತಿತು. ಗೆದ್ದೆ ಎಂದುಕೊಂಡೆ.

ಆ ಗೆಲುವಿನ ಹುರುಪಿನಲ್ಲಿ ಕಾರ್ಖಾನೆಯ ಇಬ್ಬರು ಹಳೆಯ ಗೆಳೆಯರನ್ನು ನಮ್ಮ ಬೀದಿಯ ಉಡುಪಿ ಹೋಟೆಲಿಗೆ ಕರೆದೆ. ಇಬ್ಬರೂ ಮರಾಠಿಯವರು. ಮಸಾಲೆ ದೋಸೆ ಬರುವವರೆಗೆ ನನ್ನ ಇನ್‌ಸ್ಪೆಕ್ಟರ್ ಪ್ರಸಂಗ ಹೇಳಿದೆ, ದೋಸೆ ಬಂದ ಮೇಲೆ ಅವರ ಫೋನುಗಳನ್ನು ಇಸಿದುಕೊಂಡು ಏನೇನು ಅಪಾಯಗಳಿವೆ ಎಂದು ಪರೀಕ್ಷಿಸಿದೆ. ಅವರು ಕಾಫಿ ಬೇಡ ಎಂದು ಎದ್ದುಬಿಟ್ಟರು. ಗಲ್ಲಾದಲ್ಲಿ ಫೋನು ತೆಗೆದು ಸ್ಕ್ಯಾನ್ ಮಾಡಿದರೆ ಹಣ ಹೋಗಲಿಲ್ಲ. ಮತ್ತೆ ಮಾಡಿದೆ, ಹೋಗಲಿಲ್ಲ. ಹೋಟೆಲಿನ ನೆಟ್‌ವರ್ಕ್ ಸರಿಯಿಲ್ಲ ಎಂದೆ. ನನ್ನ ಹಿಂದಿದ್ದ ಇಬ್ಬರು ನನ್ನ ತೋಳಿನ ಕೆಳಗಿನಿಂದ ಕೈ ಚಾಚಿ ಟಿಂಗ್ ಟಿಂಗ್ ಎಂದು ಕೊಟ್ಟು ಹೋದರು. ಹಾಗಾದರೆ ನನ್ನ ಅಕೌಂಟ್ ಹ್ಯಾಕ್ ಆಗಿದೆ ಎಂದು ಇಡೀ ಹೋಟೆಲಿಗೆ ಕೇಳುವಂತೆ ಘೋಷಿಸಿದೆ.

ಗಲ್ಲಾದಲ್ಲಿದ್ದ ಯಜಮಾನರು ಕನ್ನಡಕದ ಮೇಲಿನಿಂದ ನೋಡಿದರು. "ಹ್ಯಾಕ್ ಎಂತದ್ದೂ ಅಲ್ಲ ಮಾರಾಯ್ರೆ. ಕೆವೈಸಿ ಮಾಡ್ಸಿಲ್ಲ ಅಂತ ಕಾಣ್ತದೆ. ನನ್ನ ಅಕೌಂಟ್ ಸಹ ಹೀಗೇ ಬಂದ್ ಆಗಿತ್ತು. ಬ್ಯಾಂಕಿನವರು ಫೋನ್ ಮಾಡ್ಲಿಲ್ವಾ ನಿಮ್ಗೆ?"

ಗೆಳೆಯರಿಗೆ ಕನ್ನಡ ಬಾರದು ಎಂಬುದೊಂದೇ ಆಗಿನ ಸಮಾಧಾನ. ಅವರಲ್ಲಿ ಒಬ್ಬ ಬಿಲ್ ಕೊಟ್ಟ. ಹೊರಗೆ ಬಂದ ಮೇಲೆ ಅವನು ನನ್ನ ಬೆನ್ನು ತಟ್ಟಿ, ಏನೂ ಚಿಂತೆ ಮಾಡಬೇಡ, ಕೆವೈಸಿ ಮಾಡಿಸಿಬಿಡು ಎಂದ. ಆ ಒಂದು ಶಬ್ದಕ್ಕೆ ಭಾಷೆ ಬೇಕಿಲ್ಲವೆಂದು ನನಗೆ ಹೊಳೆದಿರಲಿಲ್ಲ.

ಮರುದಿನ ಬ್ಯಾಂಕಿಗೆ ಹೊರಟೆ. ಹೆಂಡತಿ ತಾನೂ ಬರುತ್ತೇನೆ ಎಂದಳು. ಅವಳಿಗೆ ಅಲ್ಲೇನೂ ಕೆಲಸವಿರಲಿಲ್ಲ. ನೋಡಲು ಬಂದಳೆಂದು ನನ್ನ ಗುಮಾನಿ.

ನಮ್ಮನ್ನು ಒಂದು ಹೊಸ ಮೇಜಿಗೆ ಕಳಿಸಿದರು. ಅಲ್ಲಿದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ಪಾಸ್‌ಬುಕ್ ತೆಗೆದುಕೊಂಡು ಕಂಪ್ಯೂಟರಿನಲ್ಲಿ ನಂಬರು ಹಾಕಿದಳು. ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪರದೆಯನ್ನು ನೋಡಿದಳು. ಆಮೇಲೆ ಹಿಂದಿಯಲ್ಲಿ ಬಹಳ ವಿನಯದಿಂದ, ನಿಮ್ಮ ಮನೆಯಲ್ಲಿ ಯಾರಾದರೂ ಪೊಲೀಸ್ ಇಲಾಖೆಯಲ್ಲಿ ಇದ್ದಾರೆಯೇ ಎಂದು ಕೇಳಿದಳು. ದನಿ ಕೇಳಿದೊಡನೆ ನನಗೆ ಎಲ್ಲ ತಿಳಿಯಿತು. ಇಲ್ಲ, ಯಾರೂ ಇಲ್ಲ ಎಂದೆ. ಒಬ್ಬ ಇನ್‌ಸ್ಪೆಕ್ಟರ್ ಸಾಹೇಬರು ಇದೇ ನಂಬರಿನಿಂದ ಮಾತಾಡಿದ್ದರು ಎಂದಳು. ರಾಂಗ್ ನಂಬರ್ ಇರಬೇಕು ಎಂದೆ.

ಹೆಂಡತಿ ನನ್ನ ಕಡೆ ತಿರುಗಿದಳು. "ಸುಮ್ನ ಹೇಳಿಬಿಡ್ರಿ ಇನ್ನ. ಎಷ್ಟಂತ ಸುಳ್ಳು ಹೇಳ್ತೀರಿ, ಆ ಹುಡುಗಿಗೆ ನಿಮ್ಮ ದನಿ ಗುರುತು ಹತ್ತ್ಯದ."

ಆ ಹುಡುಗಿಯ ಮುಖ ಅರಳಿತು. "ಆಂಟಿ, ನೀವು ಕನ್ನಡದವರಾ? ನಂಗೆ ಕನ್ನಡ ಸಮಜ್ ಆಗ್ತದೆ. ಮಾತಾಡ್ಲಿಕ್ಕೆ ಮಾತ್ರ ಥೋಡಾ ಕಷ್ಟ ಉಂಟು."

ಅವಳ ತಂದೆ ತಾಯಿ ಮಂಗಳೂರು ಕಡೆಯವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮನೆಯಲ್ಲಿ ತುಳು, ಹೊರಗೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡವೆಂದರೆ ಅಜ್ಜಿಯ ಜೊತೆ ಟಿವಿ ನೋಡುವಾಗ ಮಾತ್ರ. ಇದನ್ನೆಲ್ಲ ಅವಳು ಹೆಂಡತಿಗೆ ಹೇಳಿದಳು, ನನಗಲ್ಲ. ಅವಳು ಕೆಲಸಕ್ಕೆ ಸೇರಿದ ಮೊದಲ ವಾರ ಕೆವೈಸಿ ಬಾಕಿಯಿದ್ದವರ ಪಟ್ಟಿ ಕೊಟ್ಟು ಫೋನ್ ಮಾಡಲು ಕೂರಿಸಿದ್ದರಂತೆ. ನನ್ನ ಮೊದಲ ಬೈಗುಳ ಕೇಳಿ ಒಳಗಿನ ಕೋಣೆಗೆ ಹೋಗಿ ಅತ್ತಳಂತೆ. ಆಮೇಲೆ ಅವಳ ಜೊತೆಯವರು, ಈ ಸಲ ಸ್ಪೀಕರಿನಲ್ಲಿ ಹಾಕು, ನಾವೂ ಕೇಳುತ್ತೇವೆ ಎಂದರಂತೆ. ಹೀಗೆ ನನ್ನ ಜೀಪು ಹೊರಟ ದಿನ ಇಡೀ ಶಾಖೆ ಅವಳ ಮೇಜಿನ ಸುತ್ತ ನಿಂತಿತ್ತು. ಕ್ಯಾಷಿಯರ್ ಕೌಂಟರಿನಿಂದ ಈಗಲೂ ಒಬ್ಬರು ಕತ್ತು ಚಾಚಿ ನನ್ನನ್ನು ನೋಡುತ್ತಿದ್ದರು.

ಅಳುವ ಮಾತು ಕೇಳಿದ ಮೇಲೆ ನನಗೆ ತಮಾಷೆ ಉಳಿಯಲಿಲ್ಲ. ಅವಳ ವಯಸ್ಸಿನಲ್ಲಿ ನಾನು ಜೋಗೇಶ್ವರಿಯಲ್ಲಿ ಹೊಸಬ. ಮೇಸ್ತ್ರಿಯ ಬಾಯಿಗೆ ಹೆದರಿ ಊಟದ ಡಬ್ಬಿಯನ್ನು ಬಿಚ್ಚದೆ ಮನೆಗೆ ತಂದದ್ದುಂಟು. ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು, ನೀವು ಮೊದಲೇ ಕನ್ನಡದಲ್ಲಿ ಮಾತಾಡಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಮಾತು. ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಆಮೇಲೆ ತಪ್ಪಾಯಿತು ಎಂದೂ ಹೇಳಿದೆ.

"ಬೈಯಿರಿ ಅಂಕಲ್, ಪರ್ವಾಗಿಲ್ಲ. ಪೆಹಲೆ ಪೂರಾ ಕೇಳಿ, ಮತ್ತೆ ಬೈಯಿರಿ," ಎಂದಳು ಅವಳು.

ಕೆವೈಸಿ ಆಯಿತು, ಸುಲಭವಾಗಿ ಅಲ್ಲ. ನನ್ನ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ. ವಾಲ್ವು ತಿರುವಿ ತಿರುವಿ ಗೆರೆಗಳು ಸವೆದಿವೆ ಎಂದು ಹೇಳಿಕೊಂಡೆ. ಕೈ ತೊಳೆದು ಬನ್ನಿ, ಎಣ್ಣೆ ಹತ್ತಿದೆ ಎಂದಳು. ಸಹಿಯನ್ನೂ ಒಪ್ಪಲಿಲ್ಲ. ಬ್ಯಾಂಕಿನಲ್ಲಿದ್ದ ನನ್ನ ಹಳೆಯ ಸಹಿ ಬಾಲ ಬಿಚ್ಚಿದ ನವಿಲಿನಂತಿತ್ತು, ಈಗಿನದು ಮಳೆಯಲ್ಲಿ ನೆನೆದ ಕೋಳಿ. ಅದನ್ನೂ ಹೊಸದಾಗಿ ಬರೆಸಿಕೊಂಡಳು. ಕೊನೆಗೆ, ನೀವು ಪದೇ ಪದೇ ಇಲ್ಲಿಗೆ ಬರುವ ಕಷ್ಟ ಯಾಕೆ ಎಂದು ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಹಾಕಿಕೊಟ್ಟು, ಆರು ಅಂಕಿಯ ಗುಟ್ಟಿನ ಪಿನ್ನನ್ನು ನೀವೇ ಒತ್ತಿರಿ ಎಂದಳು. ನಾನು ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತು, ಮೈಯಿಂದ ಫೋನು ಮುಚ್ಚಿಕೊಂಡು ಒತ್ತಿದೆ. ದೂರದಿಂದ ನೋಡಿದವರಿಗೆ ಅದು ಬೇರೇನೋ ಕೆಲಸದಂತೆ ಕಂಡಿತೆಂದೂ, ಸೆಕ್ಯುರಿಟಿಯವನು ಎರಡು ಹೆಜ್ಜೆ ನನ್ನ ಕಡೆಗೆ ಬಂದನೆಂದೂ ಹೆಂಡತಿ ಮನೆಯಲ್ಲಿ ಹೇಳಿದಳು.

ಅಂದು ಮನಸ್ಸಿನಲ್ಲೇ ನಿರ್ಧರಿಸಿದೆ, ಇನ್ನು ಫೋನಿನಲ್ಲಿ ಯಾರಿಗೂ ಬೈಯುವುದಿಲ್ಲ. ನಾನು ಯಾವುದನ್ನೂ ಹದದಲ್ಲಿ ಮಾಡುವವನಲ್ಲ. ಕರ್ಜತ್ ಕಡೆ ಪ್ಲಾಟು ಮಾರುವವರ ಮಾತನ್ನು ಪೂರ್ತಿ ಕೇಳಿ, ಅಲ್ಲಿ ನೀರಿನ ವ್ಯವಸ್ಥೆ ಹೇಗಿದೆ, ಪೈಪಿಗೆ ಯಾವ ವಾಲ್ವು ಹಾಕಿದ್ದಾರೆ ಎಂದು ವಿಚಾರಿಸಿದೆ. ಸಾಲ ಕೊಡುತ್ತೇವೆ ಎಂದವರಿಗೆ ನಿಮ್ಮ ಒಳ್ಳೆಯತನ ದೊಡ್ಡದು ಎಂದೆ. ವಿಮೆ ಮಾರುವ ಒಬ್ಬ ಹುಡುಗನ ಜೊತೆ ಎಷ್ಟು ಹೊತ್ತು ಮಾತಾಡಿದೆನೆಂದರೆ, ಕೊನೆಗೆ ಅವನೇ, ಅಂಕಲ್ ನನಗೆ ಬೇರೆಯವರಿಗೂ ಫೋನ್ ಮಾಡಬೇಕಿದೆ ಎಂದು ಬೇಡಿಕೊಂಡ.

ಇಂಥ ಸಜ್ಜನನಿಗೆ ಒಂದು ಮಧ್ಯಾಹ್ನ ಫೋನ್ ಬಂತು. ಹೆಂಡತಿ ಮಾಟುಂಗಾ ಮಾರ್ಕೆಟ್ಟಿಗೆ ಹೋಗಿದ್ದಳು.

"ನಮಸ್ಕಾರ್ರೀ ಸರ. ಊಟ ಆತೇನ್ರಿ?"

ಆ ಎರಡು ಮಾತಿಗೆ ನಾನು ಖುರ್ಚಿಯಲ್ಲಿ ನೆಟ್ಟಗೆ ಕೂತೆ. ಮುಂಬಯಿಯಲ್ಲಿ ನಮ್ಮ ಮಂದಿ ಇಲ್ಲವೆಂದಲ್ಲ. ಆದರೆ ಗುರುತಿಲ್ಲದ ದನಿಯೊಂದು ಫೋನಿನಲ್ಲಿ, ಕಚೇರಿಯ ಹೆಸರು ಹೇಳುವ ಮೊದಲು ಊಟ ಆಯಿತೇ ಎಂದು ನಮ್ಮ ಮಾತಿನಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ. ಆತು, ನಿಮ್ಮದು, ಎಂದು ಕೇಳಿದೆ. ಎಲ್ಲಿಯವರು ಎಂದೂ ಕೇಳಿದೆ. ಧಾರವಾಡದ ಮಗ್ಗಲಿನ ಹಳ್ಳಿ ಎಂದ. ಅಲ್ಲಿ ಮಳೆ ಹೇಗಿದೆ, ಬಸ್ ಸ್ಟ್ಯಾಂಡ್ ಬದಲಾಗಿದೆಯಂತಲ್ಲ ಎಂದೆಲ್ಲ ಮಾತಾಡಿದೆವು. ಹೆಚ್ಚಾಗಿ ಮಾತಾಡಿದವನು ನಾನೇ. ಅವನು ಹೌದ್ರಿ ಸರ, ಖರೇ ಅದರಿ ಸರ ಎನ್ನುತ್ತಿದ್ದ. ನನ್ನ ಹೆಂಡತಿಯೂ ನನ್ನ ಮಾತನ್ನು ಅಷ್ಟು ಸಮಾಧಾನದಿಂದ ಕೇಳಿದ್ದಿಲ್ಲ.

ತಾನು ಬ್ಯಾಂಕಿನ ಹೆಡ್ ಆಫೀಸಿನವನು ಎಂದು ಆಮೇಲೆ ಹೇಳಿದ. ನಿಮ್ಮ ಕೆವೈಸಿ ಆಗಿದೆ, ಆ್ಯಪ್ ಪೂರ್ತಿ ಚಾಲೂ ಆಗಿಲ್ಲ, ನಾನೊಂದು ಲಿಂಕ್ ಕಳಿಸುತ್ತೇನೆ, ಅದನ್ನು ಒತ್ತಿದರೆ ನಿಮ್ಮ ಪರದೆ ನನಗೆ ಕಾಣುತ್ತದೆ, ಕೂತಲ್ಲೇ ಎಲ್ಲ ಮಾಡಿಕೊಡುತ್ತೇನೆ ಎಂದ. ಉಪನ್ಯಾಸಕರು ಏನೇನು ಮಾಡಬೇಡಿ ಎಂದಿದ್ದರೋ ಆ ಎಲ್ಲವೂ ಅವನ ಒಂದು ವಾಕ್ಯದಲ್ಲಿತ್ತು. ನನ್ನ ಪ್ರಸಿದ್ಧ ಕಣ್ಣಿಗೆ ಏನೂ ಕಾಣಲಿಲ್ಲ. ಪಾಪ, ಊಟದ ಹೊತ್ತಿನಲ್ಲಿ ನನಗಾಗಿ ಕಷ್ಟಪಡುತ್ತಿದ್ದಾನೆ ಎಂದುಕೊಂಡು ಒತ್ತಿದೆ.

ಬ್ಯಾಂಕಿನ ಆ್ಯಪ್ ತೆರೆಯಿರಿ ಸರ, ಪಿನ್ ಹಾಕಿರಿ ಎಂದ. ತೆರೆದೆ. ಪಿನ್ ನೆನಪಾಗಲಿಲ್ಲ. ಎಲ್ಲೂ ಬರೆದಿಡಬೇಡಿ ಎಂಬ ಉಪನ್ಯಾಸದ ಒಂದು ಮಾತನ್ನು ಮಾತ್ರ ನಾನು ಅಕ್ಷರಶಃ ಪಾಲಿಸಿದ್ದೆ. ಸಾವಕಾಶ ನೆನಪು ಮಾಡಿಕೊಳ್ಳಿರಿ ಎಂದ. ಬಹಳ ಮಂದಿ ಮನೆಯವರ ಹುಟ್ಟಿದ ದಿನ ಹಾಕಿರುತ್ತಾರೆ ಎಂದು ತಾನೇ ನೆನಪಿಸಿಕೊಟ್ಟ. ಎಂಥ ಜಾಣ ಎಂದು ಮೆಚ್ಚಿದೆ. ತೊಂದರೆಯೆಂದರೆ ನನ್ನ ಹೆಂಡತಿಗೆ ಜನ್ಮದಿನ ಎರಡು. ಶಾಲೆಯಲ್ಲಿ ಬರೆಸಿದ್ದು ಒಂದು, ಅವಳ ತಾಯಿ ಹೇಳುತ್ತಿದ್ದದ್ದು ಇನ್ನೊಂದು ಎಂದು ಅವನಿಗೂ ವಿವರಿಸಿದೆ. ಶಾಲೆಯದ್ದನ್ನು ಒತ್ತಿದೆ, ತಪ್ಪು ಎಂದು ಬಂತು. ತಾಯಿ ಹೇಳಿದ್ದು ನಾಗರಪಂಚಮಿಯ ಆಸುಪಾಸು ಎಂಬಷ್ಟು ಗೊತ್ತು, ತಾರೀಖು ಗೊತ್ತಿಲ್ಲ. ಅಂದಾಜಿನಲ್ಲಿ ಒಂದನ್ನು ಒತ್ತಿದೆ, ಅದೂ ತಪ್ಪು.

"ಕ್ಷಮಿಸ್ರಿ, ನಿಮಗ ಭಾಳ ತ್ರಾಸ ಕೊಡ್ಲಿಕ್ಕತ್ತೀನಿ," ಎಂದೆ.

"ಇರ್ಲಿ ಬಿಡ್ರಿ ಸರ. ಅವಸರ ಇಲ್ಲ," ಎಂದ. ದನಿಯಲ್ಲಿ ಸ್ವಲ್ಪ ಅವಸರವಿತ್ತು.

ನನ್ನ ಹುಟ್ಟಿದ ದಿನ ಒತ್ತಿದೆ. ನಮ್ಮ ಮದುವೆಯ ದಿನ ಎಂದುಕೊಂಡದ್ದನ್ನು ಒತ್ತಿದೆ. ಆ್ಯಪ್ ಕೆಂಪಗಾಗಿ, ಇನ್ನು ನಿಮಗೆ ಪ್ರವೇಶವಿಲ್ಲ, ಶಾಖೆಯನ್ನು ಸಂಪರ್ಕಿಸಿ ಎಂದು ಬಾಗಿಲು ಹಾಕಿಕೊಂಡಿತು. ಅದನ್ನು ಅವನೂ ನೋಡಿದ. ನಾನು ಮತ್ತೆ ಕ್ಷಮೆ ಕೇಳುವಷ್ಟರಲ್ಲಿ ಧಾರವಾಡ ಮಾಯವಾಗಿ ಹಿಂದಿ ಬಂತು. ಆ ಹಿಂದಿಯಲ್ಲಿ ಸರ ಇರಲಿಲ್ಲ, ಬುಡ್ಢಾ ಇತ್ತು. ನಿನ್ನಂಥ ದಡ್ಡನನ್ನು ಕಂಡಿಲ್ಲ, ಹೆಂಡತಿ ಹುಟ್ಟಿದ ದಿನ ಗೊತ್ತಿಲ್ಲದವನಿಗೆ ಫೋನ್ ಯಾಕೆ ಎಂದೆಲ್ಲ ಬೈದ. ಫೋನು ಬಂದ್ ಮಾಡಬೇಡ, ಸ್ವಲ್ಪ ಹೊತ್ತಿನಲ್ಲಿ ಬೇರೆ ಸಾಹೇಬರು ಮಾತಾಡುತ್ತಾರೆ, ಬೇರೆ ದಾರಿ ನೋಡೋಣ ಎಂದು ಇಟ್ಟ.

ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕೆಲಸದ ಒತ್ತಡ, ಮೇಲಿನವರ ಕಾಟ, ಅದಕ್ಕೇ ಸಿಡುಕಿದ ಎಂದುಕೊಂಡೆ. ನಾನೂ ಒಬ್ಬ ಹುಡುಗಿಯನ್ನು ಅಳಿಸಿದವನಲ್ಲವೇ, ನನಗೆ ತಕ್ಕದ್ದೇ ಆಯಿತು ಎಂದು ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ಇನ್ನೊಬ್ಬ ಸಾಹೇಬರಿಗಾಗಿ ಕಾಯುತ್ತ ಕೂತೆ.

ಹೆಂಡತಿ ಬಂದಳು. ಯಾಕೆ ಹೀಗೆ ಕೂತಿದ್ದೀರಿ ಎಂದಳು. ಬ್ಯಾಂಕಿನವರೊಬ್ಬರು ಧಾರವಾಡದವರು ಸಿಕ್ಕಿದ್ದರು, ಬಹಳ ಒಳ್ಳೆಯವರು, ಕೊನೆಗೆ ಸ್ವಲ್ಪ ಸಿಟ್ಟು ಮಾಡಿಕೊಂಡರು ಎಂದೆ. ಅವಳು ಕೊತ್ತಂಬರಿಯ ಚೀಲವನ್ನು ನೆಲದ ಮೇಲೆ ಇಟ್ಟಳು.

"ಫೋನ್ ಕೊಡ್ರಿ ಇಲ್ಲೆ."

ಕೊಟ್ಟೆ. ಅವಳು ಅದನ್ನು ಪೂರ್ತಿ ಬಂದ್ ಮಾಡಿ ತನ್ನ ಪರ್ಸಿಗೆ ಹಾಕಿಕೊಂಡು, ಚಪ್ಪಲಿಯನ್ನು ಬಿಚ್ಚದೆ ಹಾಗೇ ಬಾಗಿಲಿಗೆ ಹೋದಳು. ನಾನು ಮನೆಯ ಲುಂಗಿಯಲ್ಲಿದ್ದೆ. ಪ್ಯಾಂಟು ಹಾಕಿಕೊಳ್ಳುವಷ್ಟು ಮಾತ್ರ ಸಮಯ ಕೊಟ್ಟಳು. ಇಸ್ತ್ರಿಯಿಲ್ಲದ ಅಂಗಿಯಲ್ಲಿ ನಾನು ಬ್ಯಾಂಕಿಗೆ ಹೋದದ್ದು ಅದೇ ಮೊದಲು. ದಾರಿಯಲ್ಲಿ ನಡೆಯುತ್ತ ನಡೆಯುತ್ತ ನನಗೆ ನಿಧಾನವಾಗಿ ಅರ್ಥವಾಗತೊಡಗಿತು. ಆಸ್ಪತ್ರೆಯ ಎದುರಿನ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಪೂರ್ತಿ ಅರ್ಥವಾಗಿ, ದೀಪ ಹಸಿರಾದರೂ ನಿಂತೇ ಇದ್ದೆ. ಹೆಂಡತಿ ಏನೂ ಬೈಯಲಿಲ್ಲ. ನನ್ನ ಮೊಣಕೈ ಹಿಡಿದು ರಸ್ತೆ ದಾಟಿಸಿದಳು. ಬೈದಿದ್ದರೆ ಸ್ವಲ್ಪ ಧೈರ್ಯ ಬರುತ್ತಿತ್ತು.

ಬ್ಯಾಂಕಿನ ಹುಡುಗಿ ನಮ್ಮನ್ನು ನೋಡಿ ನಕ್ಕಳು, ಹೆಂಡತಿಯ ಮುಖ ನೋಡಿ ನಗುವನ್ನು ನಿಲ್ಲಿಸಿದಳು. ಎದುರಿಗಿದ್ದವರನ್ನು ಕಾಯಲು ಹೇಳಿ ಮೊದಲು ನಮ್ಮ ಖಾತೆಯಿಂದ ಏನೂ ಹೊರಗೆ ಹೋಗದಂತೆ ತಡೆದಳು. ಆಮೇಲೆ ನೋಡಿ, ಏನೂ ಹೋಗಿಲ್ಲ ಎಂದಳು. ಹೆಂಡತಿ ಖುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಹುಡುಗಿ ನನ್ನ ಫೋನಿನಲ್ಲಿ ಆ ಕಳ್ಳ ಹಾಕಿಸಿದ್ದನ್ನು ಹುಡುಕಿ ಕಿತ್ತುಹಾಕಿದಳು, ಪೊಲೀಸರ ವೆಬ್‌ಸೈಟಿನಲ್ಲಿ ದೂರು ಬರೆಸಿದಳು. ಪಿನ್ ಕೊಡಲಿಲ್ಲ ತಾನೇ ಎಂದು ಕೇಳಿದಳು. ಕೊಡಬೇಕೆಂದೇ ಇದ್ದೆ, ನೆನಪಾಗಲಿಲ್ಲ ಎಂದೆ. ಯಾವ ಯಾವ ದಿನಗಳನ್ನು ಒತ್ತಿದೆ ಎಂದು ವಿವರವಾಗಿ ಹೇಳಬೇಕಾಯಿತು. ಹೆಂಡತಿಗೂ ಅದು ಕೇಳಿಸಿತು.

"ನಾ ಹುಟ್ಟಿದ ದಿನ ಗೊತ್ತಿಲ್ಲ, ಲಗ್ನದ ತಾರೀಖೂ ಗೊತ್ತಿಲ್ಲ," ಎಂದಳು ಅವಳು ಹುಡುಗಿಗೆ. "ಈಗ ಸಿಟ್ಟು ಮಾಡಬೇಕೋ ಸಂತೋಷ ಪಡಬೇಕೋ, ನೀನರ ಹೇಳವಾ."

ಮೊದಲು ಗೋಡೆಗೆ ಮುಖ ಮಾಡಿ ಒತ್ತಿದ್ದ ಪಿನ್ ಯಾವುದು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಕೆಲಸವೆಲ್ಲ ಮುಗಿದ ಮೇಲೆ ಆ ಹುಡುಗಿ ನನ್ನನ್ನು ಒಂದು ಮಾತು ಕೇಳಿದಳು. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. "ಅಂಕಲ್, ಅವನ ಕನ್ನಡ ಅಷ್ಟು ಅಚ್ಛಾ ಇತ್ತಾ?"

"ಭಾಳ ಚಲೋ ಇತ್ತವಾ," ಎಂದೆ. ದುಡ್ಡಿನ ಆಸೆಗೆ ಬಿದ್ದೆನೆಂದರೆ ಒಂದು ಮರ್ಯಾದೆ, ಹೆದರಿ ಬಿದ್ದೆನೆಂದರೂ ಒಂದು ಮರ್ಯಾದೆ. ಅವನು ಊಟ ಆಯಿತೇ ಎಂದು ಕೇಳಿದ್ದಕ್ಕೆ ನಾನು ಬಿದ್ದಿದ್ದೆ.

ಅವಳು ಯೋಚಿಸಿ ಹೇಳಿದಳು, "ನನ್ನ ಕನ್ನಡ ನೋಡಿ, ಇಷ್ಟು ಖರಾಬ್ ಉಂಟು. ಅಂದ್ರೆ ನಾನು ಅಸಲಿ. ಇನ್ನು ಚಂದ ಕನ್ನಡ ಕೇಳಿದ್ರೆ ಸೀದಾ ಫೋನ್ ಇಡಿ."

ಹೆಂಡತಿ ನಕ್ಕಳು. ಬಹಳ ಹೊತ್ತು ನಕ್ಕಳು. ಕ್ಯಾಷಿಯರ್ ಮತ್ತೆ ಕತ್ತು ಚಾಚಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಬ್ಯಾಂಕಿನ ವ್ಯವಹಾರ ಹೆಂಡತಿಯ ಫೋನಿಗೆ ಹೋಗಿದೆ. ಖಾತೆಯಲ್ಲಿ ಅವಳ ಹೆಸರನ್ನೂ ಸೇರಿಸಿದೆವು. ಅವಳು ವಿದ್ಯುತ್ ಬಿಲ್ಲನ್ನು ಬಸ್ಸಿನಲ್ಲಿ ನಿಂತುಕೊಂಡೇ ಕಟ್ಟುತ್ತಾಳೆ. ನಾನು ಸ್ಕ್ಯಾನ್ ಮಾಡಿ ಎಳನೀರು ಕುಡಿದರೂ ಅವಳ ಫೋನಿನಲ್ಲಿ ಟಿಂಗ್ ಎನ್ನುತ್ತದೆ, ಎರಡು ಕುಡಿದಿರೇನು ಎಂದು ಸಂಜೆ ಕೇಳುತ್ತಾಳೆ. ಬಿಲ್ಡಿಂಗಿನ ಗುಂಪಿನಲ್ಲಿ ನಾನು ನಡೆದದ್ದನ್ನು ನಡೆದಂತೆ ಬರೆದೆ. ಮುಚ್ಚಿಡಬೇಕೆಂದೇ ಇದ್ದೆ, ಹೆಂಡತಿ ಬಿಡಲಿಲ್ಲ. ನನ್ನ ಎಷ್ಟೋ ಎಚ್ಚರಿಕೆಗಳಿಗೆ ಒಂದು ಹೆಬ್ಬೆಟ್ಟೂ ಬಾರದ ಗುಂಪಿನಲ್ಲಿ ಇದಕ್ಕೆ ಮಾತ್ರ ಎಲ್ಲರೂ ಉತ್ತರ ಬರೆದರು. ಮೇಲಿನ ಮಹಡಿಯ ಒಬ್ಬ ನಿವೃತ್ತ ಹೆಡ್‌ಮಾಸ್ತರು ಲಿಫ್ಟಿನಲ್ಲಿ ನನ್ನ ಜೊತೆಗೇ ಬಂದು, ತಮಗೂ ಹಿಂದೆ ಹೀಗೇ ಆಗಿತ್ತು, ಮನೆಯಲ್ಲಿ ಹೇಳಿಲ್ಲ ಎಂದು ಕಿವಿಯಲ್ಲಿ ಹೇಳಿದರು. ಅವರು ನನ್ನಷ್ಟು ಮರೆಗುಳಿಯಲ್ಲ, ಪಿನ್ ನೆನಪಿತ್ತು.

ಆ ಹುಡುಗಿಗೆ ಈಗ ಪವಾಯಿಯ ಶಾಖೆಗೆ ವರ್ಗವಾಗಿದೆ. ಹೋಗುವ ಮೊದಲು ಹೆಂಡತಿ ಅವಳಿಗೆ ಶೇಂಗಾ ಹೋಳಿಗೆ ಮಾಡಿ ಕೊಟ್ಟಳು. ಅವಳ ಜಾಗಕ್ಕೆ ಬಂದವರಿಗೆ ಕಥೆ ದಾಟಿಸಿದ್ದಾರೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತದೆ.

ಕಳೆದ ಶುಕ್ರವಾರ ಸಂಜೆ, ನಿಮ್ಮ ಹೊಸ ಕಾರ್ಡು ಬಂದಿದೆ, ಶಾಖೆಯಿಂದ ತೆಗೆದುಕೊಂಡು ಹೋಗಿ ಎಂದು ಹೆಂಡತಿಯ ಫೋನಿಗೆ ಮೆಸೇಜು ಬಂತು. ಮರುದಿನ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿದೆ, ಹೆಂಡತಿಯೂ ಒಳ್ಳೆಯ ಸೀರೆ ಉಟ್ಟು ಹೊರಟಳು. ಹೋಗಿ ನೋಡಿದರೆ ಶಟರು ಎಳೆದಿತ್ತು. ಅದು ಎರಡನೆಯ ಶನಿವಾರ.

"ಇವತ್ತ ರಜಾ ಅಂತ ನನಗ ಗೊತ್ತಿತ್ತು," ಎಂದಳು ಹೆಂಡತಿ.

"ಮತ್ತ ಯಾಕ ಹೇಳಲಿಲ್ಲ?"

"ಮನ್ಯಾಗ ಕೂತು ಬ್ಯಾಸರ ಆಗಿತ್ತು. ಸುಮ್ನ ಅಡ್ಡ್ಯಾಡಿ ಬರೂಣು ಅಂದ್ರ ನೀವು ಬರ್ತಿದ್ರೇನು?"

ಬರುತ್ತಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಶಟರಿನ ಮುಂದೆ ನಿಂತು, ಆಮೇಲೆ ಇಡ್ಲಿ ತಿನ್ನಲು ಹೋದೆವು.